ಅಂಗೈ ಎದೆಯ ಕಡೆಗೆ

ಇಂದುಬೆನ್ ಮದುವೆಯಾಗಿ ಮುಂಬಯಿಗೆ ಬಂದು ನಲವತ್ತೊಂಬತ್ತು ವರ್ಷ. ಅಷ್ಟು ವರ್ಷದಲ್ಲಿ ಒಂದು ದಿನವೂ ಊರಿನ ದಕ್ಷಿಣದ ಹಳೆ ಪೇಟೆಯಾದ ಫೋರ್ಟ್ ಕಡೆ ಕಾಲಿಟ್ಟವಳಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ನಿಜ. ಘಾಟ್ಕೋಪರಿನ ಎರಡು ಕೋಣೆಯ ಮನೆ, ಹಿಂದಿನ ಬೀದಿಯ ತರಕಾರಿ ಮಾರ್ಕೆಟ್ಟು, ಹವೇಲಿ ಎನ್ನುವ ಕೃಷ್ಣನ ಗುಡಿಯ ದರ್ಶನ, ಮುಲುಂಡಿನಲ್ಲಿ ಮಗಳ ಮನೆ, ಅವಳ ಮುಂಬಯಿ ಅಷ್ಟಕ್ಕೇ ಮುಗಿದಿತ್ತು. ಗಂಡ ಧನಸುಖಲಾಲ್ ಮಾತ್ರ ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಫೋರ್ಟಿನ ದಲಾಲ್ ಬೀದಿಗೆ ಹೋಗಿ ಬಂದವರು. ಅಲ್ಲಿಯ ಶೇರುಪೇಟೆಯ ರಿಂಗಿನಲ್ಲಿ ಅವರು ಜಾಬರ್, ತಮ್ಮದೇ ಲೆಕ್ಕದಲ್ಲಿ ಶೇರು ಕೊಂಡು ಮಾರುವವರು. ರಿಂಗ್ ಎಂದರೆ ನೂರಾರು ಗಂಡಸರು ಮೈಗೆ ಮೈ ತಾಗಿಸಿ ನಿಂತು, ಗಂಟಲು ಹರಿಯುವ ಹಾಗೆ ಕೂಗಾಡಿ, ಶೇರು ಕೊಟ್ಟು ತೆಗೆದುಕೊಳ್ಳುತ್ತಿದ್ದ ದೊಡ್ಡ ಹಜಾರ. ಆಮೇಲೆ ಕಂಪ್ಯೂಟರ್ ಬಂತು, ರಿಂಗ್ ಮುಚ್ಚಿತು, ಧನಸುಖಲಾಲ್ ಮನೆ ಸೇರಿದರು.

"ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ" ಎಂದು ಇಂದುಬೆನ್ ಎಷ್ಟು ಸಲ ಕೇಳಿದ್ದಳೋ. "ಅಲ್ಲೇನಿದೆ ನೋಡೋಕೆ? ಬರೀ ಬೆವರು" ಎಂದು ಅವರು ಪೇಪರಿನ ಹಿಂದೆ ಅಡಗುತ್ತಿದ್ದರು.

ಆ ಕೂಗಾಟದಲ್ಲಿ ನಿಂತು ನಿಂತು ಅವರ ಎರಡೂ ಕಿವಿ ಹೋಗಿದ್ದವು. ಇಂದುಬೆನ್ ಗಂಡನ ಹೆಸರು ಹಿಡಿದು ಕರೆದವಳಲ್ಲ, ಅವಳ ಕಾಲದ ಎಲ್ಲ ಹೆಂಗಸರ ಹಾಗೆ "ಕೇಳ್ತೀರಾ?" ಎಂದೇ ಕರೆಯುತ್ತಿದ್ದಳು. ಈಗ ಆ ಕರೆಗೇ ಅರ್ಥವಿಲ್ಲದ ಹಾಗಾಗಿತ್ತು. ಕಿವಿಗೆ ಹಾಕುವ ಮಷೀನು ಡಬ್ಬದಲ್ಲೇ ಮಲಗಿತ್ತು. ಅದರ ಬದಲು ಮನೆಯಲ್ಲಿ ರಿಂಗಿನ ಕೈಭಾಷೆ ನಡೆಯುತ್ತಿತ್ತು. ಅಂಗೈ ಎದೆಯ ಕಡೆ ತಿರುಗಿದ್ದರೆ 'ತಗೊಂಡೆ'. ಅಂಗೈ ಎದುರಿನವರ ಕಡೆ ಇದ್ದರೆ 'ಕೊಟ್ಟೆ'. ಒಂದು ತೋರುಬೆರಳಿನ ನಡುವೆ ಇನ್ನೊಂದನ್ನು ಅಡ್ಡ ಇಟ್ಟರೆ 'ಅರ್ಧ'. ಊಟಕ್ಕೆ ಕೂತಾಗ ಅಂಗೈ ಎದೆಯ ಕಡೆ ತಿರುಗಿದರೆ ಅವಳು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಬೆರಳು ಅಡ್ಡ ಬಂದರೆ ಅರ್ಧ ಲೋಟ ಚಹಾ. ಲಕ್ಷಗಟ್ಟಲೆ ವ್ಯವಹಾರ ಮಾಡಿದ ಕೈಗಳು ಈಗ ತನ್ನ ಅಡುಗೆಮನೆಯಲ್ಲಿ ದುಡಿಯುತ್ತಿವೆಯಲ್ಲ ಎಂದು ಅವಳಿಗೆ ನಗು ಬರುತ್ತಿತ್ತು.

ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಮಗಳು ಕೇಳಿದಾಗ ಇಂದುಬೆನ್ ಯೋಚಿಸಲೂ ಇಲ್ಲ. "ಫೋರ್ಟ್ ನೋಡ್ಬೇಕು" ಎಂದಳು. ಮಗಳು ಭಾನುವಾರ ಬೆಳಿಗ್ಗೆ ಹಳೆ ಫೋರ್ಟನ್ನು ನಡೆಸಿಕೊಂಡು ತೋರಿಸುವವರ ಹತ್ತಿರ ಇಬ್ಬರ ಹೆಸರು ಬರೆಸಿದಳು. ಧನಸುಖಲಾಲರ ಮುಖ ಸಣ್ಣಗಾಯಿತು. ಮೊದಲು ಮಂಡಿ ನೋವು ಎಂದರು. ಆಮೇಲೆ, ಜನವರಿ ತಿಂಗಳಲ್ಲಿ, ಮಳೆ ಬರಬಹುದು ಎಂದರು.

"ನೀವು ಬರ್ಬೇಡಿ, ಆಯ್ತಾ. ನಾನೊಬ್ಳೇ ಹೋಗ್ತೀನಿ, ಕಳೆದುಹೋದ್ರೆ ಪೊಲೀಸ್ನೋರು ತಂದು ಬಿಡ್ತಾರೆ" ಎಂದು ಅವಳು ಕೈ, ಬಾಯಿ, ಕಣ್ಣು ಎಲ್ಲವನ್ನೂ ಬಳಸಿ ಹೇಳಿದಳು. ಅವರು ಎದ್ದು ತಮ್ಮ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು.

ಅವರು ಯಾಕೆ ಹಿಂದೇಟು ಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು. ಕಾರಣ, ಬೋಮಿ.

ಬೋಮಿ ಕಾಪಡಿಯಾ ಪಾರಸಿ, ರಿಂಗಿನ ಹಳೆ ಹುಲಿ, ಮನೆಯೂ ದಲಾಲ್ ಬೀದಿಯಲ್ಲೇ. ಊರಿಂದ ಬಂದ ಧನಸುಖಲಾಲರನ್ನು ಕೈ ಹಿಡಿದು ರಿಂಗಿಗೆ ಇಳಿಸಿ, ಬೆರಳು ತಿರುಗಿಸುವುದನ್ನು ಕಲಿಸಿದವರು ಅವರೇ. ತಿಂಗಳಿಗೊಮ್ಮೆ ಘಾಟ್ಕೋಪರಿಗೆ ಬಂದು, ಇಂದುಬೆನ್ ಮಾಡಿದ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿಗಳನ್ನು ಹತ್ತರ ಮೇಲೆ ತಿಂದು, ಪಾರಸಿ ಅಂಗಡಿಯ ಖೋವಾ ಕೇಕ್ ಕೊಟ್ಟು ಹೋಗುತ್ತಿದ್ದರು. "ಮೊಟ್ಟೆ ಹಾಕಿಲ್ಲ ಬೆನ್, ನನ್ನಾಣೆ" ಎನ್ನುತ್ತಿದ್ದರು. ಹಾಕಿದ್ದರೆಂದು ಅವಳಿಗೆ ಗೊತ್ತಿತ್ತು, ತಿನ್ನುತ್ತಿದ್ದಳು.

ಇಪ್ಪತ್ತೆಂಟು ವರ್ಷದ ಹಿಂದೆ ಎಲ್ಲ ಹಾಳಾಯಿತು. ರಿಂಗಿನಲ್ಲಿ ವ್ಯಾಪಾರ ಆಗುವುದು ಕೈಯಲ್ಲಿ. ಒಬ್ಬ ಕೊಟ್ಟೆ ಎಂದು ಕೈ ತೋರಿಸುತ್ತಾನೆ, ಇನ್ನೊಬ್ಬ ತಗೊಂಡೆ ಎನ್ನುತ್ತಾನೆ, ಮುಗಿಯಿತು. ಸಹಿ ಇಲ್ಲ, ಸಾಕ್ಷಿ ಇಲ್ಲ. ಸಂಜೆ ತಾಳೆ ನೋಡುವಾಗ ಇಬ್ಬರ ಮಾತು ಕೂಡದಿದ್ದರೆ ಅದಕ್ಕೂ ಪದ್ಧತಿ ಇತ್ತು: ಯಾರು ಸರಿ ಎಂದು ಕೇಳುವಂತಿಲ್ಲ, ನಷ್ಟ ಅರ್ಧ ನಿನ್ನದು, ಅರ್ಧ ನನ್ನದು, ಚಹಾ ಕುಡಿದು ಮನೆಗೆ. ಅವತ್ತು ಒಂದು ಬಟ್ಟೆ ಗಿರಣಿಯ ಶೇರು ಅರ್ಧ ಗಂಟೆಯಲ್ಲಿ ಪಾತಾಳಕ್ಕಿಳಿಯಿತು. ಅದರ ದೊಡ್ಡದೊಂದು ಗಂಟನ್ನು ಇಳಿಯುವ ಮೊದಲೇ ಧನಸುಖ್‌ಗೆ ಕೊಟ್ಟಿದ್ದೇನೆ, ಅವನು ತಗೊಂಡೆ ಎಂದಿದ್ದಾನೆ ಎಂದರು ಬೋಮಿ. ನಾನು ತಗೊಂಡೇ ಇಲ್ಲ ಎಂದರು ಧನಸುಖಲಾಲ್. ಬೋಮಿ ಅರ್ಧಕ್ಕೆ ಬೆರಳು ಅಡ್ಡ ಇಟ್ಟರು. ಧನಸುಖಲಾಲ್ ಅದಕ್ಕೂ ಒಪ್ಪದೆ, ಇಡೀ ರಿಂಗಿಗೆ ಕೇಳುವ ಹಾಗೆ "ಈ ಮನುಷ್ಯನ ಕೈ ನಂಬಬೇಡಿ" ಎಂದು ಕೂಗಿದರು. ಪೂರ್ತಿ ನಷ್ಟ ಬೋಮಿಯ ತಲೆಗೆ ಬಿತ್ತು. ಅದಕ್ಕಿಂತ ಹೆಚ್ಚಾಗಿ ಆ ಮಾತು ಅಂಟಿಕೊಂಡಿತು. ಬೋಮಿ ಕೈ ಎತ್ತಿದರೆ ಜನ ಎರಡು ಸಲ ಯೋಚಿಸುವ ಹಾಗಾಯಿತು. ವರ್ಷದೊಳಗೆ ಅವರು ರಿಂಗಿಗೆ ಬರುವುದನ್ನೇ ಬಿಟ್ಟರು.

ಅದಾದ ಹತ್ತು ದಿನಕ್ಕೆ ಮಗಳ ಮದುವೆ. ಕರೆಯದಿದ್ದರೂ ಬೋಮಿ ಬೆಳ್ಳಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದರು. ಇಂದುಬೆನ್ ಹೊಸ್ತಿಲಲ್ಲೇ ತಡೆದು, "ಸುಳ್ಳು ಹೇಳೋರ ಕೈಯಿಂದ ನನ್ನ ಮಗಳಿಗೆ ಏನೂ ಬೇಡ ಶೇಠ್" ಎಂದಿದ್ದಳು. ಅವರು ಒಂದು ಮಾತಾಡದೆ ಮೆಟ್ಟಿಲಿಳಿದು ಹೋಗಿದ್ದರು. ಹೇಳಿದ್ದು ಸರಿಯೇ ಎಂದು ಅವಳು ಇವತ್ತಿನವರೆಗೂ ನಂಬಿದ್ದಳು.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಫೋರ್ಟಿನ ಹಳೆ ಕಾರಂಜಿಯ ಹತ್ತಿರ ಹನ್ನೆರಡು ಜನ ಸೇರಿದರು. ತೋರಿಸುವವಳು ಮೃಣ್ಮಯಿ ಎಂಬ ಮರಾಠಿ ಹುಡುಗಿ, ಕೈಯಲ್ಲಿ ಕೆಂಪು ಛತ್ರಿ. ರಜೆಯ ದಿನವಾದ್ದರಿಂದ ಬ್ಯಾಂಕುಗಳೆಲ್ಲ ಮುಚ್ಚಿ, ಬೀದಿಗಳು ಗುಡಿಸಿಟ್ಟ ಅಂಗಳದಷ್ಟು ಖಾಲಿ ಇದ್ದವು. ಇಂದುಬೆನ್ ಕತ್ತೆತ್ತಿದವಳು ಇಳಿಸಲೇ ಇಲ್ಲ.

ಅವಳಿಗೆ ಗೊತ್ತಿದ್ದ ಕಟ್ಟಡಗಳೆಂದರೆ ಬಟ್ಟೆ ಒಣಹಾಕಿದ ಗ್ಯಾಲರಿಗಳು, ನೀರಿನ ಟ್ಯಾಂಕುಗಳು. ಇಲ್ಲಿ ನೋಡಿದರೆ ಕಲ್ಲಿಗೆ ಜೀವ ಬಂದಿತ್ತು. ಒಂದು ಬ್ಯಾಂಕಿನ ಬಾಗಿಲು ಅವಳ ಮನೆಯ ಸೂರಿಗಿಂತ ಎತ್ತರ. ಅದರ ಎರಡು ಬದಿಗೆ ಸಿಂಹಗಳು, ಬಾಯೊಳಗಿನ ನಾಲಿಗೆಯನ್ನೂ ಬಿಡದೆ ಕೆತ್ತಿದ್ದರು. ದುಂಡನೆಯ ಉದ್ಯಾನದ ಸುತ್ತ ಸಾಲು ಕಮಾನುಗಳು, ಪ್ರತಿ ಕಮಾನಿನ ನೆತ್ತಿಯಲ್ಲೂ ಒಂದು ಗಡ್ಡದ ಮುಖ.

"ಇವ್ರೆಲ್ಲ ಯಾರಮ್ಮ?" ಎಂದಳು.

"ಒಬ್ಬೊಬ್ರು ಒಂದೊಂದು ಹೇಳ್ತಾರೆ ಆಂಟಿ. ನಂಗಂತೂ ನಮ್ಮ ಮಾವಂದಿರ ಥರ ಕಾಣ್ತಾರೆ" ಎಂದು ಮೃಣ್ಮಯಿ ನಕ್ಕಳು.

ಟೌನ್ ಹಾಲಿನ ಮೂವತ್ತು ಮೆಟ್ಟಿಲನ್ನು ಬೇಡವೆಂದರೂ ಕೇಳದೆ ಹತ್ತಿದಳು. ಮೇಲಿನ ಬಿಳಿ ಕಂಬವನ್ನು ಎರಡೂ ತೋಳಿಂದ ತಬ್ಬಿ ನೋಡಿದಳು. ಕೈಗಳು ಒಂದನ್ನೊಂದು ಮುಟ್ಟಲೇ ಇಲ್ಲ. ಕಂಬದ ಕಲ್ಲು ತಣ್ಣಗಿತ್ತು. ಅಲ್ಲಿಂದ ಕಾಣುವ ಬೀದಿಗಳನ್ನೂ ಶಿಖರಗಳನ್ನೂ ನೋಡುತ್ತ ಅವಳ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡದರ ನಡುವೆ ತನ್ನ ಗಂಡ, ಭಾವನಗರದ ಹತ್ತಿರದ ಹಳ್ಳಿಯಿಂದ ಬರಿಗೈಯಲ್ಲಿ ಬಂದವರು, ದಿನಾ ತಲೆಯೆತ್ತಿ ನಡೆದಿದ್ದರು. ಹೆಮ್ಮೆಯಾಯಿತು. ಹಿಂದೆಯೇ ಸಿಟ್ಟೂ ಬಂತು. ಇದನ್ನೆಲ್ಲ ನೋಡಿ ಮನೆಗೆ ಬಂದು ಬರೀ ಬೆವರು ಎಂದಿದ್ದರಲ್ಲ ಈ ಮನುಷ್ಯ.

"ಬೆವರಂತೆ, ಬೆವರು" ಎಂದು ಅವರ ತೋಳು ತಿವಿದಳು. ಅವರಿಗೆ ಕೇಳಿಸಲಿಲ್ಲ. ಅವರ ದೃಷ್ಟಿ ದಲಾಲ್ ಬೀದಿಯ ದಿಕ್ಕಿಗಿತ್ತು.

ಬೀದಿ ಅವಳು ಎಣಿಸಿದ್ದಕ್ಕಿಂತ ಚಿಕ್ಕದು. ಒಂದು ಕಡೆ ಆಕಾಶಕ್ಕೆ ಮುಟ್ಟುವ ಶೇರುಪೇಟೆಯ ಗೋಪುರ, ಎದುರಿಗೆ ಮರದ ಗ್ಯಾಲರಿಗಳ ಹಳೆಯ ಮನೆಗಳು. ಧನಸುಖಲಾಲ್ ಗೋಪುರದ ಕಡೆಯ ಗೋಡೆ ಹಿಡಿದುಕೊಂಡೇ ನಡೆದರು, ಎದುರು ಸಾಲನ್ನು ಒಮ್ಮೆಯೂ ನೋಡಲಿಲ್ಲ. ಕಂಚಿನ ಗೂಳಿಯ ಹತ್ತಿರ ಎಲ್ಲರೂ ಫೋಟೋ ತೆಗೆಸಿಕೊಂಡ ಮೇಲೆ ಮೃಣ್ಮಯಿ ಛತ್ರಿ ಎತ್ತಿದಳು.

"ಆಗಿನ ಕಾಲದಲ್ಲಿ ಇಲ್ಲಿ ಕೈಸನ್ನೆಯಲ್ಲೇ ವ್ಯಾಪಾರ. ಅಂಗೈ ಹೊರಗಡೆ ಹೀಗೆ ತೋರಿಸಿದ್ರೆ ಕೊಳ್ತೀನಿ ಅಂತ ಅರ್ಥ."

"ಉಲ್ಟಾ ಹೇಳ್ದೆ ನೋಡಮ್ಮ" ಎಂದು ಇಂದುಬೆನ್ ಬಾಯಿ ಹಾಕಿದಳು. "ಅಂಗೈ ಎದೆ ಕಡೆ ಬಂದ್ರೆ ತಗೊಂಡೆ. ಹೊರಗಡೆ ಹೋದ್ರೆ ಕೊಟ್ಟೆ. ನಮ್ಮನೇಲಿ ರೊಟ್ಟಿ ಇದೇ ಲೆಕ್ಕದಲ್ಲಿ ನಡೆಯೋದು."

ಎಲ್ಲರೂ ನಕ್ಕರು. ನಿಮಗೆ ಹೇಗೆ ಗೊತ್ತು ಎಂದು ಒಬ್ಬರು ಕೇಳಿದರು. ಅವಳು ಗಂಡನನ್ನು ಮುಂದಕ್ಕೆ ತಳ್ಳಿ, "ಇವ್ರು ಇಪ್ಪತ್ತಾರು ವರ್ಷ ಒಳಗಡೆ ನಿಂತಿದ್ದೋರು" ಎಂದಳು. ಉಳಿದವರೆಲ್ಲ ಸುತ್ತುಗಟ್ಟಿದರು. ತೋರಿಸಿ ಅಂಕಲ್, ತೋರಿಸಿ ಎಂದು ಕೈ ಕುಣಿಸಿದರು. ಧನಸುಖಲಾಲ್ ಬೇಡ ಬೇಡವೆಂದು ತಲೆಯಾಡಿಸಿದರು. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಕೇಳದಿದ್ದದ್ದನ್ನು ಈಗ ಕೇಳುತ್ತಿದ್ದರು, ಕೈಗಳು ತಡೆಯಲಿಲ್ಲ.

ಇಂದುಬೆನ್ ಆ ಕೈಗಳನ್ನು ರೊಟ್ಟಿಗೆ, ಚಹಾಕ್ಕೆ ಮಾತ್ರ ನೋಡಿದ್ದಳು. ಇಲ್ಲಿ ಅವು ಬೇರೆಯೇ ಆದವು. ಕಿರುಬೆರಳು ಎದ್ದು ಮಡಚಿತು, ಮಣಿಕಟ್ಟು ತಿರುಗಿತು, ಹೆಬ್ಬೆರಳು ಗಲ್ಲ ಮುಟ್ಟಿತು, ಅಂಗಿಯ ಬಟ್ಟೆ ಚಿವುಟಿತು. ಒಂದೊಂದು ಕಂಪನಿಗೂ ಒಂದೊಂದು ಗುರುತು, ಒಂದೊಂದು ಬೆಲೆಗೂ ಒಂದೊಂದು ಬೆರಳು. ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಆ ಖಾಲಿ ಬೀದಿಯಲ್ಲಿ ನೂರಾರು ಜನರ ಗದ್ದಲ ಎದ್ದ ಹಾಗೆ ಅವಳಿಗೆ ಅನ್ನಿಸಿತು. ಇದು ತನ್ನ ಗಂಡನ ವಿದ್ಯೆ, ತಾನು ಇದನ್ನು ಅರ್ಧ ಲೋಟ ಚಹಾ ಎಂದುಕೊಂಡಿದ್ದೆನಲ್ಲ ಎಂದು ಮೈ ಜುಮ್ಮೆಂದಿತು.

ಕೊನೆಗೆ ಅವರು ಬಲಗೈಯನ್ನು ಎತ್ತರಕ್ಕೆ ಎತ್ತಿ, ಅಂಗೈ ಹೊರಗೆ ಮಾಡಿ, ಎದುರಿಗೆ ಚಾಚಿದರು. ಕೊಟ್ಟೆ.

ಎದುರು ಮನೆಯ ಎರಡನೇ ಮಹಡಿಯ ಗ್ಯಾಲರಿಯಿಂದ ಒಂದು ಕೈ ಮೇಲೆದ್ದು, ಅಂಗೈ ಎದೆಯ ಕಡೆಗೆ ತಿರುಗಿತು. ತಗೊಂಡೆ.

ತೆಳುವಾದ ಬಿಳಿ ಒಳಂಗಿ, ತಲೆಗೆ ಕಪ್ಪು ಟೋಪಿ, ಕಟಕಟೆಗೆ ಒರಗಿಸಿದ ಊರುಗೋಲು. ಮೈ ಒಣಗಿ ಹೋಗಿತ್ತು, ಆದರೆ ಆ ಮೂಗನ್ನು ಇಂದುಬೆನ್ ಮರೆಯುವ ಹಾಗಿರಲಿಲ್ಲ. ಬೋಮಿ ಶೇಠ್.

ಧನಸುಖಲಾಲರ ಕೈ ತಟ್ಟನೆ ಕೆಳಗೆ ಬಿತ್ತು. ಅವರು ಹೆಂಡತಿಯ ತೋಳು ಹಿಡಿದು "ನಡಿ, ನಡಿ, ಮನೆಗೆ ಹೋಗೋಣ" ಎಂದು ಎಳೆದರು. ಮೇಲಿದ್ದವರು ಮಾತ್ರ ಎದೆಯ ಹತ್ತಿರದ ಅಂಗೈಯನ್ನು ಇಳಿಸದೆ ನಿಂತಿದ್ದರು.

"ಯಾಕೆ ಓಡ್ತೀರಿ? ಸುಳ್ಳು ಹೇಳಿದ್ದು ಅವ್ರು, ನಾಚಿಕೆ ನಿಮಗ್ಯಾಕೆ?" ಎಂದಳು ಇಂದುಬೆನ್, ಅವರ ಮುಖದ ಎದುರೇ ನಿಂತು, ತುಟಿ ಕಾಣುವ ಹಾಗೆ.

ಕಿವುಡರಿಗೆ ತಮ್ಮ ದನಿಯ ಅಳತೆ ಗೊತ್ತಿರುವುದಿಲ್ಲ. ಧನಸುಖಲಾಲ್ ಗುಟ್ಟು ಹೇಳುತ್ತಿದ್ದೇನೆ ಎಂದುಕೊಂಡು ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

"ಅವನಲ್ಲ ಕಣೇ ಸುಳ್ಳು ಹೇಳಿದ್ದು. ನಾನು. ಅವತ್ತು ಅವನ ಕೈ ನೋಡಿದ್ದೆ. ತಗೊಂಡೆ ಅಂತ ನಾನೇ ತೋರಿಸಿದ್ದೆ."

ಮೃಣ್ಮಯಿಯ ಛತ್ರಿ ಕೆಳಗಿಳಿಯಿತು.

"ಮದುವೆಗೆ ಹತ್ತು ದಿನ ಇತ್ತು" ಎಂದರು ಅವರು. "ಅರ್ಧ ಒಪ್ಕೊಂಡಿದ್ರೂ ಮಗಳ ಚಿನ್ನ ಹೋಗ್ತಿತ್ತು. ಹೆದರಿದೆ. ಒಂದ್ಸಲ ಇಲ್ಲ ಅಂದ್ಮೇಲೆ ಅದನ್ನ ನಿಜ ಮಾಡೋಕೆ ಇನ್ನೂ ಜೋರಾಗಿ ಕೂಗ್ಬೇಕಾಯ್ತು. ಆಮೇಲೆ ನಿನಗೂ ಅದನ್ನೇ ಹೇಳಿದೆ."

ಇಂದುಬೆನ್ ಪಕ್ಕದ ಕಬ್ಬಿಣದ ಬೇಲಿ ಹಿಡಿದುಕೊಂಡಳು. ಗಂಡನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಕೈಯಲ್ಲಿದ್ದ ಚೀಲವನ್ನು ಅವರ ಮೇಲೆ ಎಸೆಯಬೇಕೆನಿಸಿತು. ಆದರೆ ಅದರ ಬೆನ್ನಿಗೇ ಆ ಹೊಸ್ತಿಲು ನೆನಪಾಯಿತು. ಬೆಳ್ಳಿ ಬಟ್ಟಲು ನೆನಪಾಯಿತು. ಸುಳ್ಳು ಹೇಳೋರ ಕೈ ಎಂದು ತಾನು ಅಂದದ್ದು, ಆ ಮನುಷ್ಯ ತನ್ನ ಗಂಡನ ಮರ್ಯಾದೆಯನ್ನು ಹೆಂಡತಿಯ ಮುಂದೆ ಕಳೆಯದೆ ಸುಮ್ಮನೆ ಮೆಟ್ಟಿಲಿಳಿದದ್ದು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ.

"ಅವ್ರಿಗೆ ಹೇಳಿ" ಎಂದಳು, ಮೇಲಕ್ಕೆ ಬೆರಳು ಮಾಡಿ. "ಈಗ್ಲೇ."

"ಏನಂತ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ?"

"ಬಾಯಿ ಯಾಕೆ? ಕೈ ಇದೆಯಲ್ಲ."

ಧನಸುಖಲಾಲ್ ರಸ್ತೆಯ ನಡುವಿಗೆ ಬಂದು ನಿಂತರು. ಆಮೇಲೆ ಎರಡು ಬೆರಳಲ್ಲಿ ತಮ್ಮ ಅಂಗಿಯ ಬಟ್ಟೆ ಚಿವುಟಿದರು. ಬಟ್ಟೆ ಗಿರಣಿ. ಬೆರಳುಗಳು ಎದ್ದವು, ಮಡಚಿದವು. ಎಷ್ಟು ಶೇರು, ಯಾವ ಬೆಲೆಗೆ, ಒಂದೂ ಮರೆತಿರಲಿಲ್ಲ. ಕೊನೆಗೆ ಅಂಗೈ ನಿಧಾನವಾಗಿ ತಿರುಗಿ ಎದೆಯ ಕಡೆಗೆ ಬಂತು. ತಗೊಂಡೆ. ಈ ಸಲ ಕೈ ಕೆಳಗೆ ಬೀಳಲಿಲ್ಲ.

ಗ್ಯಾಲರಿಯಲ್ಲಿ ಬೋಮಿ ಟೋಪಿ ತೆಗೆದು, ಕಣ್ಣು ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಎರಡೂ ಕೈ ಮುಂದೆ ತಂದು ಒಂದು ತೋರುಬೆರಳಿನ ನಡುವೆ ಇನ್ನೊಂದನ್ನು ಅಡ್ಡ ಇಟ್ಟರು. ಅರ್ಧ.

ಅದನ್ನು ಅಲ್ಲಿ ಓದಬಲ್ಲವರು ಮೂವರೇ. ಇಪ್ಪತ್ತೆಂಟು ವರ್ಷದ ಹಿಂದೆ ತಿರಸ್ಕರಿಸಿದ್ದ ಅದೇ ಅರ್ಧ. ಯಾರು ಸರಿ ಎಂದು ಕೇಳುವಂತಿಲ್ಲ.

ಧನಸುಖಲಾಲ್ ತಲೆಯಾಡಿಸಿದರು. ಅಂಗೈಯನ್ನು ಮತ್ತೆ ಎದೆಗೆ ಒತ್ತಿ ತೋರಿಸಿದರು. ಪೂರ್ತಿ ನನ್ನದು. ಬೋಮಿ ಸಿಟ್ಟಿನಿಂದ ಬೆರಳು ಅಡ್ಡ ಇಟ್ಟರು. ಇವರು ಮತ್ತೆ ಎದೆಗೆ ಒತ್ತಿಕೊಂಡರು. ಮೇಲಿಂದ ಏನೋ ಬೈಗುಳ ಗೊರಗೊರ ಕೇಳಿಸಿತು. ಅವರ ಗಂಟಲನ್ನೂ ರಿಂಗೇ ತಿಂದುಹಾಕಿತ್ತು.

ಇಂದುಬೆನ್ ಚೀಲವನ್ನು ಮೃಣ್ಮಯಿಯ ಕೈಗೆ ಕೊಟ್ಟು ಗಂಡನ ಪಕ್ಕಕ್ಕೆ ಬಂದು ನಿಂತಳು. ಆ ಬೀದಿಯಲ್ಲಿ ಕೈ ಎತ್ತುವುದು ತನ್ನಂಥವಳ ಕೆಲಸವೇ ಎಂದು ಒಂದು ಕ್ಷಣ ಅಳುಕಾಯಿತು. ಆದರೂ ಎತ್ತಿದಳು. ಗಂಡನನ್ನು ತೋರಿಸಿದಳು, ತನ್ನನ್ನು ತೋರಿಸಿಕೊಂಡಳು, ಬೆರಳಿನ ಮೇಲೆ ಬೆರಳು ಅಡ್ಡ ಇಟ್ಟಳು. ತಪ್ಪು ಅರ್ಧ ಇವರದು, ಅರ್ಧ ನನ್ನದು. ನಿಮ್ಮ ಪಾಲಿಗೆ ತಪ್ಪು ಏನೂ ಉಳಿದಿಲ್ಲ ಶೇಠ್.

ಬೋಮಿ ಅವಳನ್ನೇ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು, ಊರುಗೋಲು ಊರಿ ಒಳಗೆ ಹೋಗಿಬಿಟ್ಟರು. ಗ್ಯಾಲರಿ ಖಾಲಿಯಾಯಿತು. ಧನಸುಖಲಾಲರ ಅಂಗೈ ಇನ್ನೂ ಎದೆಯ ಮೇಲೇ ಇತ್ತು.

"ಹೋದ" ಎಂದರು ಅವರು, ಬೀದಿಗೆಲ್ಲ ಕೇಳುವ ಹಾಗೆ.

ಅವಳಿಗೂ ಹಾಗೇ ಅನ್ನಿಸಿತು. ಕ್ಷಮೆ ಕೇಳುವುದಕ್ಕೆ ಇಪ್ಪತ್ತೆಂಟು ವರ್ಷ ತಡ ಮಾಡಿದವರಿಗೆ ಇಷ್ಟು ಸಿಕ್ಕಿದ್ದೇ ಹೆಚ್ಚು ಎಂದುಕೊಂಡು ಚೀಲ ಇಸಿದುಕೊಂಡಳು.

ಆಗ ಕಟಕಟೆಯ ಮೇಲಿಂದ ಹಗ್ಗ ಕಟ್ಟಿದ ಬಿದಿರಿನ ಬುಟ್ಟಿಯೊಂದು, ದಿನಾ ಬ್ರೆಡ್ಡು ಪೇಪರು ಏರಿಸಿಕೊಳ್ಳುವ ಬುಟ್ಟಿ, ಗೋಡೆಗೆ ತಗಲುತ್ತ ತಗಲುತ್ತ ಕೆಳಗಿಳಿಯಿತು. ಧನಸುಖಲಾಲರ ಎದೆಯ ಮಟ್ಟಕ್ಕೆ ಬಂದು ನಿಂತಿತು. ಒಳಗೆ ಬೀದಿ ಬಾಗಿಲಿನ ಕೀಲಿಕೈ ಇತ್ತು.

ಅವರು ಅದನ್ನು ಮುಟ್ಟದೆ ನೋಡುತ್ತ ನಿಂತರು. ಕಣ್ಣಿಂದ ಧಾರೆಯಾಗಿ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಇಂದುಬೆನ್ ದಾರಿಯಲ್ಲಿ ತಿನ್ನಲೆಂದು ತಂದಿದ್ದ ಥೇಪ್ಲಾದ ಡಬ್ಬವನ್ನು ಚೀಲದಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಗಂಡನ ಬಲಗೈ ಹಿಡಿದು ಬುಟ್ಟಿಯ ಹತ್ತಿರ ತಂದು, ಅಂಗೈಯನ್ನು ತಾನೇ ಅವರ ಎದೆಯ ಕಡೆಗೆ ತಿರುಗಿಸಿದಳು.

ಅವರು ಕೀಲಿಕೈ ತೆಗೆದುಕೊಂಡರು.